ಭಟ್ರ ಲೆಕ್ಕದ ಪುಸ್ತಕ: ಅಮೆರಿಕದ ಕನ್ನಡ ಕೂಟಗಳಿಗೂ ಕನ್ನಡಿಗ ವಕೀಲರಿಗೂ ಒಂದು ಬಹಿರಂಗ ಪತ್ರ

ಅಮೆರಿಕದ ಎಲ್ಲ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ಮತ್ತು ಈ ದೇಶದಲ್ಲಿ ವಕೀಲರಾಗಿರುವ ಕನ್ನಡಿಗ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,

ಮಾನ್ಯರೇ, ನಮಸ್ಕಾರ.

ನನ್ನ ಹತ್ತಿರ ಒಂದು ಲೆಕ್ಕದ ಪುಸ್ತಕ ಇದೆ. ಇನ್ನೂರು ಪುಟದ್ದು, ನೀಲಿ ರಟ್ಟು, ಊರಿಂದ ತಂದದ್ದು. ಪ್ರತಿ ಸಾಲಿನಲ್ಲೂ ಒಂದು ತಾರೀಕು, ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಕೈಗೆ ಬಂದ ಹಣ. ಎಲ್ಲವೂ ಕನ್ನಡದಲ್ಲಿ, ಕನ್ನಡ ಅಂಕಿಗಳಲ್ಲಿ. ‘ಬೆ. ೯ – ರಾ. ೧೨. ಕೊಟ್ಟದ್ದು ಇಲ್ಲ.’ ಇಂಥ ಸಾಲುಗಳು ಪುಟಗಟ್ಟಲೆ ಇವೆ. ಎಣ್ಣೆಗೈಯಲ್ಲಿ ಬರೆದದ್ದರಿಂದ ಕೆಲವು ಹಾಳೆ ಎಣ್ಣೆ ಕುಡಿದು ತೆಳ್ಳಗಾಗಿವೆ. ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ.

ಇದನ್ನು ಬರೆದವರು ಕುಂದಾಪುರ ಕಡೆಯ ಒಬ್ಬ ಅಡುಗೆಯವರು. ನಾವೆಲ್ಲ ಅವರನ್ನು ಭಟ್ರೇ ಎಂದೇ ಕರೆಯುತ್ತಿದ್ದೆವು. ನ್ಯೂಯಾರ್ಕ್ ಸುತ್ತಮುತ್ತ ಕೆಲವು ವರ್ಷ ಇದ್ದರು. ಯುಗಾದಿ ಊಟಕ್ಕೆ ಅವರ ಕೈಯ ಹೋಳಿಗೆ ತಿಂದವರು ನಮ್ಮಲ್ಲಿ ನೂರಾರು ಜನ ಇದ್ದಾರೆ. ಈಗ ಅವರು ಊರಲ್ಲಿದ್ದಾರೆ. ಹೋಗುವಾಗ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇಟ್ಕಣಿ ಅಕ್ಕ, ಯಾರಾದ್ರೂ ಕೇಳಿರೆ ಕೊಡಿ" ಅಂದರು. ಇವತ್ತಿನವರೆಗೆ ಯಾರೂ ಕೇಳಿಲ್ಲ.

ನಾನು ವಕೀಲಳಲ್ಲ. ಕ್ವೀನ್ಸ್‌ನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಊರು ತೀರ್ಥಹಳ್ಳಿ ಕಡೆ. ಭಟ್ರ ವಿಷಯ ನಿಮಗೆ ಹೇಳಬೇಕು. ಅದರ ಜೊತೆ ಇನ್ನೊಬ್ಬರ ವಿಷಯವನ್ನೂ ಹೇಳಬೇಕು. ಅವರು ರಾಬರ್ಟ್ ಕ್ಯಾಟ್ಜ್‌ಮನ್. ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ಕೋರ್ಟಿನಲ್ಲಿ ಜಡ್ಜ್ ಆಗಿದ್ದವರು, ಅದರ ಮುಖ್ಯ ನ್ಯಾಯಾಧೀಶರೂ ಆಗಿದ್ದವರು. 2021ರ ಜೂನ್ 9ರಂದು, 68ನೇ ವಯಸ್ಸಿನಲ್ಲಿ ತೀರಿಕೊಂಡರು. ನಾನು ಅವರನ್ನು ಒಮ್ಮೆಯೂ ನೋಡಿಲ್ಲ. ಆದರೆ ಭಟ್ರಿಗೆ ಏನಾಯಿತೋ ಅದು ಯಾರಿಗೂ ಆಗಬಾರದು ಎಂದು ಹದಿನಾಲ್ಕು ವರ್ಷ ದುಡಿದವರು ಅವರು. ನಾವು ಮಾಡಬಹುದಾಗಿದ್ದ ಕೆಲಸವನ್ನು ಅವರು ಎಷ್ಟೋ ಮೊದಲೇ ಬಾಯಿಬಿಟ್ಟು ಕೇಳಿದ್ದರು.

ಮೊದಲು ನಾನು ಕಣ್ಣಾರೆ ಕಂಡದ್ದು.

ಭಟ್ರು ಬಂದದ್ದು ಸರಿಯಾದ ವೀಸಾದಲ್ಲೇ. ಬಂದ ವಾರದಲ್ಲಿ ಹೋಟೆಲಿನ ಯಜಮಾನರು "ಜೋಪಾನವಾಗಿ ಇಡುತ್ತೇನೆ" ಎಂದು ಪಾಸ್‌ಪೋರ್ಟ್ ತೆಗೆದುಕೊಂಡರು. ಮತ್ತೆ ಅದು ಕೈಗೆ ಬರಲಿಲ್ಲ. ಹೇಳಿದ ಸಂಬಳ ಒಂದು, ಕೊಟ್ಟದ್ದು ಇನ್ನೊಂದು, ಎಷ್ಟೋ ತಿಂಗಳು ಅದೂ ಇಲ್ಲ. ಮಲಗಲು ಅಡುಗೆಮನೆಯ ಕೆಳಗಿನ ಉಗ್ರಾಣ. ಕೇಳಿದರೆ "ಪೊಲೀಸರಿಗೆ ಹಿಡಿದುಕೊಡುತ್ತೇನೆ" ಎಂಬ ಬೆದರಿಕೆ. ಎರಡು ವರ್ಷ ಹೀಗೇ ಕಳೆದು, ಒಂದು ರಾತ್ರಿ ಚೀಲ ಹಿಡಿದು ಹೊರಟುಬಂದರು. ಅಷ್ಟು ಹೊತ್ತಿಗೆ ವೀಸಾ ಮುಗಿದಿತ್ತು.

ಆಮೇಲೆ ಯಾರೋ ಹೇಳಿದರು ಎಂದು ಒಬ್ಬ ವೀಸಾ ಕನ್ಸಲ್ಟೆಂಟ್ ಹತ್ತಿರ ಹೋದರು. ಆತ ವಕೀಲನಲ್ಲ. ದುಡ್ಡು ತೆಗೆದುಕೊಂಡು, ಯಾರದೋ ಅರ್ಜಿಯಿಂದ ನಕಲು ಮಾಡಿದ ಕಥೆಯೊಂದನ್ನು ಬರೆದು, ಊರಿಗೆ ಹೋದರೆ ಹಿಂಸೆಯಾಗುತ್ತದೆ, ಇಲ್ಲೇ ಇರಲು ಬಿಡಿ ಎಂದು ಆಶ್ರಯ (ಅಸೈಲಂ) ಕೇಳುವ ಅರ್ಜಿ ಹಾಕಿಸಿದ. ಅದರಲ್ಲಿ ಭಟ್ರು ಯಾವುದೋ ರಾಜಕೀಯ ಗಲಾಟೆಯಲ್ಲಿ ಪೆಟ್ಟು ತಿಂದವರು! ಅವರು ಜನ್ಮದಲ್ಲಿ ಕಾಲಿಡದ ಊರಿನ ಹೆಸರು ಅದರಲ್ಲಿತ್ತು. ಆಶ್ರಯದ ಅರ್ಜಿಯನ್ನು ಸಾಮಾನ್ಯವಾಗಿ ಈ ದೇಶಕ್ಕೆ ಬಂದ ಒಂದು ವರ್ಷದೊಳಗೆ ಹಾಕಬೇಕು. ಅದೂ ದಾಟಿಹೋಗಿತ್ತು. ಇಂಗ್ಲಿಷಿನಲ್ಲಿದ್ದ ಆ ಕಾಗದಕ್ಕೆ ಭಟ್ರು ಕನ್ನಡದಲ್ಲಿ ಸಹಿ ಹಾಕಿದ್ದರು. ಒಳಗೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅರ್ಜಿ ಬಿದ್ದುಹೋಯಿತು, ಕೇಸು ವಲಸೆ ಕೋರ್ಟಿಗೆ ಹೋಯಿತು. ಮೊದಲ ವಾಯಿದೆಗೆ ಅವರ ಜೊತೆ ನಾನೂ ಹೋಗಿದ್ದೆ. 2018ರ ಮಾತು. ಸಣ್ಣ ಕೋಣೆ, ಬೆಂಚುಗಳ ತುಂಬ ಜನ. ಸರ್ಕಾರದ ಕಡೆಯ ವಕೀಲರು ಒಂದು ತಳ್ಳುಗಾಡಿಯಲ್ಲಿ ಫೈಲು ಇಟ್ಟುಕೊಂಡು ಕೂತಿದ್ದರು. ಕನ್ಸಲ್ಟೆಂಟ್ ಬರಲಿಲ್ಲ, ಫೋನೂ ಎತ್ತಲಿಲ್ಲ. ಭಟ್ರ ಸರದಿ ಬಂದಾಗ ಸ್ಪೀಕರ್ ಫೋನಿನಲ್ಲಿ ಒಬ್ಬ ದುಭಾಷಿ ಸಿಕ್ಕರು. ಹಿಂದಿ ದುಭಾಷಿ. ಭಾರತದವರು ಅಂದಮೇಲೆ ಹಿಂದಿ ಇರಬೇಕು ಎಂದು ಯಾರೋ ಅಂದುಕೊಂಡಿದ್ದರು. ಭಟ್ರಿಗೆ ಹಿಂದಿ ಎಂದರೆ ಸಿನಿಮಾದಲ್ಲಿ ಕೇಳಿದ್ದು ಅಷ್ಟೇ. ಕೇಳಿದ್ದಕ್ಕೆಲ್ಲ "ಹಾಂ ಜೀ" ಅಂದರು. ಹೊರಗೆ ಬಂದಮೇಲೆ ಕೇಳಿದೆ, "ಏನಂದ್ರು ಭಟ್ರೇ?" "ನಂಗ್ ಎಂತದೂ ಅರ್ಥ ಆಯ್ಲಿಲ್ಲ ಅಕ್ಕ. ಹೌದು ಅಂದೆ."

ಜಡ್ಜ್ ಕೆಟ್ಟವರಾಗಿರಲಿಲ್ಲ. ವಕೀಲರನ್ನು ಹುಡುಕಿಕೊಳ್ಳಿ ಎಂದು ಸಮಯ ಕೊಟ್ಟರು. ಉಚಿತವಾಗಿ ಕೇಸು ನಡೆಸುವ ಸಂಸ್ಥೆಗಳ ಪಟ್ಟಿಯೊಂದನ್ನೂ ಕೊಟ್ಟರು. ನಾನು ಅಂಗಡಿಯ ಊಟದ ವಿರಾಮದಲ್ಲಿ ಒಂದೊಂದಾಗಿ ಫೋನ್ ಮಾಡಿದೆ. ಎಲ್ಲರ ಕೈಯೂ ತುಂಬಿತ್ತು. ಆಗ ನಮ್ಮ ಒಂದು ಕನ್ನಡ ಕೂಟದವರನ್ನು ಕೇಳಿದೆ. ನಿಮ್ಮಲ್ಲಿ ವಕೀಲರು ಇದ್ದಾರಲ್ಲ, ಒಬ್ಬರು ಅರ್ಧ ಗಂಟೆ ಮಾತಾಡಿಸಲಿ ಎಂದು. "ಕಾಗದಪತ್ರ ಸರಿ ಇಲ್ಲದವರ ಉಸಾಬರಿ ಕೂಟಕ್ಕೆ ಬೇಡ, ನಾಳೆ ನಮ್ಮ ಮೇಲೇ ಬರುತ್ತೆ" ಎಂಬ ಉತ್ತರ ಬಂತು. ಹೇಳಿದವರು ಒಳ್ಳೆಯವರೇ. ಹೆದರಿಕೆಯಿಂದ ಹೇಳಿದರು. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿದೆ. ಅದನ್ನು ತೆಗೆಯಲು ನನಗೆ ಇನ್ನೂ ಆಗಿಲ್ಲ.

ಎರಡನೇ ವಾಯಿದೆಗೆ ಭಟ್ರು ಒಬ್ಬರೇ ಹೋದರು. ನನಗೆ ರಜೆ ಸಿಗಲಿಲ್ಲ. ಆಶ್ರಯದ ಕೇಸು ನಿಲ್ಲುವುದಿಲ್ಲ, ಸ್ವಂತ ಖರ್ಚಿನಲ್ಲಿ ಹೋಗುತ್ತೇನೆ ಎಂದರೆ 120 ದಿನ ಸಮಯ ಕೊಡುತ್ತಾರೆ, ಗಡಿಪಾರಿನ ಆದೇಶ ಇರುವುದಿಲ್ಲ ಎಂದು ಕೋರ್ಟಿನಲ್ಲಿ ಹೇಳಿದರಂತೆ. ಅವರು ಒಪ್ಪಿದರು. ಲೆಕ್ಕದ ಪುಸ್ತಕ ಅವತ್ತೂ ಅವರ ಚೀಲದಲ್ಲೇ ಇತ್ತು. ಯಾರೂ ತೆಗೆಸಲಿಲ್ಲ. ತೆಗೆಸಿದ್ದರೂ ಆ ಕೋಣೆಯಲ್ಲಿ ಅದನ್ನು ಓದುವವರು ಇರಲಿಲ್ಲ.

ಮರುವರ್ಷ ನಮ್ಮ ಅಂಗಡಿಗೆ ಔಷಧಿಗೆ ಬರುತ್ತಿದ್ದ ಒಬ್ಬ ಹುಡುಗಿ ವಲಸೆಯ ವಕೀಲೆ ಎಂದು ಗೊತ್ತಾಯಿತು. ಪುಸ್ತಕ ತೋರಿಸಿದೆ. ಒಂದೊಂದೇ ಸಾಲು ಓದಿ ಇಂಗ್ಲಿಷಿನಲ್ಲಿ ಹೇಳಿದೆ. ಪಾಸ್‌ಪೋರ್ಟ್ ವಿಷಯ, ಬೆದರಿಕೆ, ಉಗ್ರಾಣ, ಎಲ್ಲ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಬಲವಂತದ ದುಡಿಮೆಗೆ ಸಿಕ್ಕಿದವರಿಗೆ 2000ನೇ ಇಸವಿಯ ಕಾನೂನಿನಲ್ಲಿ ಟಿ ವೀಸಾ ಎಂಬುದು ಇದೆ, ಇವರ ಪರವಾಗಿ ಅದನ್ನು ಕೇಳಬಹುದಿತ್ತು ಅಂದಳು. ಖಂಡಿತ ಸಿಗುತ್ತಿತ್ತು ಎಂದು ಹೇಳಲಾರೆ, ಕೇಳಲು ಆಧಾರ ಮಾತ್ರ ಗಟ್ಟಿಯಾಗಿತ್ತು ಅಂದಳು. ಆದರೆ ಅದನ್ನು ಕೇಳುವವರು ಈ ದೇಶದಲ್ಲೇ ಇರಬೇಕು. ಭಟ್ರು ಆಗಲೇ ವಿಮಾನ ಹತ್ತಿ ಆಗಿತ್ತು.

ಆ ಹುಡುಗಿ ಇಮಿಗ್ರಂಟ್ ಜಸ್ಟಿಸ್ ಕೋರ್ ಎಂಬ ಸಂಸ್ಥೆಯಲ್ಲಿ ತರಬೇತಿ ಆದವಳು. "ಇದನ್ನು ಹುಟ್ಟುಹಾಕಿದ್ದು ಒಬ್ಬ ಜಡ್ಜ್, ಗೊತ್ತಾ?" ಅಂದಳು. ಕ್ಯಾಟ್ಜ್‌ಮನ್ ಹೆಸರು ನಾನು ಕೇಳಿದ್ದು ಹೀಗೆ.

ಅವರು ಹುಟ್ಟಿದ್ದು 1953ರಲ್ಲಿ, ಇದೇ ನ್ಯೂಯಾರ್ಕಿನಲ್ಲಿ. ತಂದೆ ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ತಾಯಿಯ ತಂದೆತಾಯಿ ರಷ್ಯಾದಿಂದ ಬಂದವರು. ಕೊಲಂಬಿಯಾದಲ್ಲಿ ಓದಿ, ಹಾರ್ವರ್ಡ್‌ನಲ್ಲಿ ಸರ್ಕಾರದ ವ್ಯವಸ್ಥೆ ಕುರಿತು ಪಿಎಚ್‌ಡಿ ಮಾಡಿ, ಆಮೇಲೆ ಯೇಲ್‌ನಲ್ಲಿ 1980ರಲ್ಲಿ ಕಾನೂನು ಮುಗಿಸಿದರು. ಜಡ್ಜ್ ಆಗುವ ಮುಂಚೆ ವಕಾಲತ್ತು ಮಾಡಿದ್ದಕ್ಕಿಂತ ಪಾಠ ಮಾಡಿದ್ದು, ಸಂಶೋಧನೆ ಮಾಡಿದ್ದೇ ಜಾಸ್ತಿ. 1993ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಸುಪ್ರೀಂ ಕೋರ್ಟಿಗೆ ಜಡ್ಜ್ ಆಗಿ ಹೋಗುವಾಗ ಸೆನೆಟಿನಲ್ಲಿ ಅವರ ಪರ ನಿಂತ ಸೆನೆಟರ್ ಮೊಯ್ನಿಹಾನ್‌ಗೆ ಸಂಬಳವಿಲ್ಲದೆ ಸಲಹೆಗಾರರಾಗಿದ್ದರು.

ಆ ದಿನಗಳ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಸಂಸತ್ತು ಕಾನೂನು ಬರೆಯುತ್ತದೆ. ಅದರಲ್ಲಿ ಎಲ್ಲೋ ಒಂದು ಪದ ಬಿಟ್ಟುಹೋಗಿರುತ್ತದೆ, ಒಂದು ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ. ಕೋರ್ಟಿನಲ್ಲಿ ಜಡ್ಜ್‌ಗಳು ಅದರ ಜೊತೆ ಗುದ್ದಾಡಿ ತೀರ್ಪಿನಲ್ಲಿ ಬರೆಯುತ್ತಾರೆ. ಆದರೆ ಕಾನೂನು ಬರೆದವರಿಗೆ ಅದು ತಲುಪುವುದೇ ಇಲ್ಲ. ಕ್ಯಾಟ್ಜ್‌ಮನ್ ಮತ್ತು ಅವರ ಜೊತೆಯವರು ಒಂದು ಸರಳ ಏರ್ಪಾಟು ಮಾಡಿದರು. ಅಂಥ ತೀರ್ಪುಗಳನ್ನು ಕೋರ್ಟಿನಿಂದ ನೇರ ಸಂಸತ್ತಿಗೆ ಕಳಿಸಿಕೊಡುವುದು, ಅಷ್ಟೇ. ಯಾರೂ ಚಪ್ಪಾಳೆ ತಟ್ಟುವ ಕೆಲಸ ಅಲ್ಲ. ಆದರೆ ಈ ಕಡೆಯವರ ಮಾತು ಆ ಕಡೆಯವರಿಗೆ ಮುಟ್ಟುತ್ತಿಲ್ಲ ಎಂದು ಗಮನಿಸಲು ಒಂದು ಕಣ್ಣು ಬೇಕು. ಅವರಿಗೆ ಆ ಕಣ್ಣಿತ್ತು.

1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಸೆಕೆಂಡ್ ಸರ್ಕಿಟ್ ಮೇಲ್ಮನವಿ ಕೋರ್ಟಿಗೆ ನೇಮಿಸಿದರು. ನ್ಯೂಯಾರ್ಕ್, ಕನೆಕ್ಟಿಕಟ್, ವರ್ಮಾಂಟ್ ಈ ಮೂರು ರಾಜ್ಯಗಳ ಫೆಡರಲ್ ಅಪೀಲುಗಳು ಬರುವ ಕೋರ್ಟು ಅದು. ಅದರ ಮೇಲೆ ಸುಪ್ರೀಂ ಕೋರ್ಟ್ ಮಾತ್ರ. ಮ್ಯಾನ್‌ಹ್ಯಾಟನ್‌ನ ಫೋಲಿ ಸ್ಕ್ವೇರ್‌ನಲ್ಲಿ ಥರ್ಗುಡ್ ಮಾರ್ಷಲ್ ಹೆಸರಿನ ಎತ್ತರದ ಕಟ್ಟಡದಲ್ಲಿದೆ. ಭಟ್ರು "ಹಾಂ ಜೀ" ಅಂದ ಕೋಣೆಯಿಂದ ಅಲ್ಲಿಗೆ ನಡೆದೇ ಹೋಗಬಹುದು.

ಅವರು ಬರೆದ ದೊಡ್ಡ ತೀರ್ಪುಗಳು ಪತ್ರಿಕೆಯಲ್ಲಿ ಬಂದಿವೆ. ಉದ್ಯೋಗದಲ್ಲಿ ಭೇದ ಮಾಡಬಾರದು ಎನ್ನುವ 1964ರ ಕಾನೂನು ಸಲಿಂಗಿಗಳಿಗೂ ರಕ್ಷಣೆ ಕೊಡುತ್ತದೆ ಎಂದು 2018ರಲ್ಲಿ ಬಹುಮತದ ತೀರ್ಪು ಬರೆದರು. ಎರಡು ವರ್ಷದ ನಂತರ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಧ್ಯಕ್ಷ ಟ್ರಂಪ್ ಅವರ ಲೆಕ್ಕಪತ್ರ ಕೇಳಿ ನ್ಯೂಯಾರ್ಕಿನ ಪ್ರಾಸಿಕ್ಯೂಟರ್ ಕಳಿಸಿದ ಸಮನ್ಸ್ ಸರಿ ಎಂದು 2019ರಲ್ಲಿ ಬರೆದದ್ದೂ ಅವರೇ. ಅದನ್ನೂ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ತೀರ್ಪುಗಳ ಬಗ್ಗೆ ಹೇಳಲು ನನಗಿಂತ ತಿಳಿದವರು ನಿಮ್ಮಲ್ಲೇ ಇದ್ದೀರಿ. ನಾನು ಹೇಳಬೇಕಾದ್ದು ಪತ್ರಿಕೆಯಲ್ಲಿ ಅಷ್ಟಾಗಿ ಬರದ ಕೇಸುಗಳ ಬಗ್ಗೆ.

ವಲಸೆ ಕೋರ್ಟು ಎಂದರೆ ನಾವು ಅಂದುಕೊಂಡ ಹಾಗೆ ಸ್ವತಂತ್ರ ನ್ಯಾಯಾಲಯ ಅಲ್ಲ. ಅದು ಸರ್ಕಾರದ ನ್ಯಾಯ ಇಲಾಖೆಯ ಒಳಗೇ ಇದೆ. ಅಲ್ಲಿ ಸೋತರೆ ಅದೇ ಇಲಾಖೆಯ ಮೇಲ್ಮನವಿ ಮಂಡಳಿ. ಅಲ್ಲೂ ಸೋತರೆ ಕ್ಯಾಟ್ಜ್‌ಮನ್ ಅವರಂಥ ಫೆಡರಲ್ ಜಡ್ಜ್‌ಗಳ ಮುಂದೆ. 2002ರಲ್ಲಿ ಆ ಮಂಡಳಿಯ ನಿಯಮ ಬದಲಾಯಿತು. ಬೇಗ ಮುಗಿಸಬೇಕು ಎಂದು, ಮೂವರು ಕೂತು ನೋಡುತ್ತಿದ್ದ ಹೆಚ್ಚಿನ ಕೇಸುಗಳನ್ನು ಒಬ್ಬರೇ ನೋಡುವಂತಾಯಿತು. ಎಷ್ಟೋ ಕೇಸುಗಳಿಗೆ ಕಾರಣವನ್ನೂ ಬರೆಯದೆ ಮೊಹರು ಬಿತ್ತು. ಅಲ್ಲಿ ತಳ್ಳಿದ್ದೆಲ್ಲ ಮೇಲಿನ ಕೋರ್ಟಿಗೆ ಹರಿದುಬಂತು. ಒಂದು ಹಂತದಲ್ಲಿ ಸೆಕೆಂಡ್ ಸರ್ಕಿಟ್‌ನ ಕೇಸುಗಳಲ್ಲಿ ಹತ್ತಿರಹತ್ತಿರ 40% ವಲಸೆಯವೇ ಆಗಿದ್ದವು.

ಕ್ಯಾಟ್ಜ್‌ಮನ್ ಆ ಫೈಲುಗಳನ್ನು ಓದಿದರು. ಓದುತ್ತಾ ಅವರಿಗೆ ಒಂದು ವಿಷಯ ಕಾಣಿಸಿತು. ಎಷ್ಟೋ ಜನರಿಗೆ ವಕೀಲರೇ ಇರಲಿಲ್ಲ. ಇದ್ದ ಎಷ್ಟೋ ವಕೀಲರು ಕಕ್ಷಿದಾರರ ಕಥೆಯನ್ನು ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಮೇಲ್ಮನವಿ ಕೋರ್ಟಿನಲ್ಲಿ ಹೊಸ ಸಾಕ್ಷಿ ತೆಗೆದುಕೊಳ್ಳುವುದಿಲ್ಲ. ಕೆಳಗಿನ ಕೋಣೆಯಲ್ಲಿ ಏನು ದಾಖಲಾಯಿತೋ ಅದನ್ನೇ ಇಟ್ಟುಕೊಂಡು ತೀರ್ಮಾನಿಸಬೇಕು. ಭಟ್ರ ಕೇಸು ಅವರ ಮೇಜಿಗೇ ಹೋಗಿತ್ತು ಅಂದುಕೊಳ್ಳಿ. ಅವರಿಗೆ ಕಾಣುತ್ತಿದ್ದದ್ದು ಆ ಕನ್ಸಲ್ಟೆಂಟ್ ನಕಲು ಮಾಡಿದ ಕಥೆ ಮತ್ತು ಕೆಲವು "ಹಾಂ ಜೀ". ಲೆಕ್ಕದ ಪುಸ್ತಕ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ಎಷ್ಟು ಒಳ್ಳೆಯ ಜಡ್ಜ್ ಆದರೂ ಏನು ಮಾಡಲು ಆಗುತ್ತಿತ್ತು?

ಕ್ರಿಮಿನಲ್ ಕೇಸಿನಲ್ಲಿ ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಈ ದೇಶದಲ್ಲಿ ಸರ್ಕಾರವೇ ವಕೀಲರನ್ನು ಕೊಡಬೇಕು. 1963ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ದೇಶದಿಂದ ಹೊರಗೆ ಹಾಕುವ ಕೇಸು ಸಿವಿಲ್ ಲೆಕ್ಕಕ್ಕೆ ಬರುತ್ತದೆ. ವಕೀಲರನ್ನು ಇಟ್ಟುಕೊಳ್ಳಬಹುದು, ಸರ್ಕಾರಕ್ಕೆ ಖರ್ಚು ಬರಬಾರದು ಎಂದು ಕಾನೂನಿನಲ್ಲೇ ಬರೆದಿದೆ. ಒಬ್ಬರೇ ಬಂದ ಚಿಕ್ಕ ಮಕ್ಕಳಿಗೂ ಇದೇ ನಿಯಮ. ಎದುರಿಗೆ ಸರ್ಕಾರದ ವಕೀಲರು ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ನಮ್ಮ ಊರಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಂಬುದಾದರೂ ಇದೆ. ಬಡವರು ಅಲ್ಲಿ ಹೋಗಿ ಒಂದು ಅರ್ಜಿ ಕೊಡಬಹುದು. ಇಲ್ಲಿ ವಲಸೆ ಕೋರ್ಟಿನ ಬಾಗಿಲಲ್ಲಿ ನಿಂತವರಿಗೆ ಫೋನ್ ನಂಬರಿನ ಒಂದು ಪಟ್ಟಿ ಸಿಗುತ್ತದೆ.

ಜಡ್ಜ್ ಆದವರು ಒಬ್ಬರ ಪರ ನಿಲ್ಲುವ ಹಾಗಿಲ್ಲ. ಆದರೆ ಕ್ಯಾಟ್ಜ್‌ಮನ್ ಸುಮ್ಮನಿರಲಿಲ್ಲ. 2007ರಲ್ಲಿ ನ್ಯೂಯಾರ್ಕಿನ ವಕೀಲರ ಸಂಘದಲ್ಲಿ ಒಂದು ಉಪನ್ಯಾಸ ಕೊಟ್ಟರು. ದೊಡ್ಡ ದೊಡ್ಡ ಕಂಪನಿಗಳ ಪರ ವಾದಿಸುವ ವಕೀಲರೇ ಅಲ್ಲಿ ಇದ್ದದ್ದು. ಬಡ ವಲಸಿಗರಿಗೆ ಸರಿಯಾದ ವಕೀಲರು ಸಿಗುತ್ತಿಲ್ಲ, ಇದು ನಮ್ಮ ವೃತ್ತಿಯ ಹೊಣೆ ಎಂದು ಅವರ ಮುಖಕ್ಕೇ ಹೇಳಿದರು. ಭಾಷಣ ಮಾಡಿ ಮನೆಗೆ ಹೋಗಿದ್ದರೆ ಅವರನ್ನು ಇವತ್ತು ನಾನು ನೆನೆಯುತ್ತಿರಲಿಲ್ಲ. ಮರುವರ್ಷ ವಕೀಲರು, ಕಾನೂನು ಕಾಲೇಜಿನವರು, ಸೇವಾಸಂಸ್ಥೆಯವರು ಎಲ್ಲರನ್ನೂ ಕೂರಿಸಿ ಒಂದು ಅಧ್ಯಯನ ತಂಡ ಕಟ್ಟಿದರು. ಮೊದಲು ಲೆಕ್ಕ ಹಾಕೋಣ ಅಂದರು.

2011ರಲ್ಲಿ ಆ ಲೆಕ್ಕ ಹೊರಗೆ ಬಂತು. ದಯವಿಟ್ಟು ನಿಧಾನವಾಗಿ ಓದಿ. ನ್ಯೂಯಾರ್ಕಿನಲ್ಲಿ ಬಂಧನದಲ್ಲಿ ಇಲ್ಲದ, ವಕೀಲರಿದ್ದ ವಲಸಿಗರಲ್ಲಿ 74% ಜನರ ಕೇಸು ಅವರ ಪರವಾಗಿ ಮುಗಿದಿತ್ತು. ಹೊರಗಿದ್ದೂ ವಕೀಲರಿಲ್ಲದವರಲ್ಲಿ 13%. ಬಂಧನದಲ್ಲಿದ್ದು ವಕೀಲರಿದ್ದವರಲ್ಲಿ 18%. ಬಂಧನದಲ್ಲೂ ಇದ್ದು ವಕೀಲರೂ ಇಲ್ಲದವರಲ್ಲಿ 3%. ಬಂಧನದಲ್ಲಿದ್ದವರ ಪೈಕಿ 60% ಜನರಿಗೆ ಕೊನೆತನಕ ವಕೀಲರೇ ಸಿಕ್ಕಿರಲಿಲ್ಲ. ವಕೀಲರಿದ್ದ ಕೇಸುಗಳಲ್ಲೂ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ವಕೀಲರ ಕೆಲಸ ಸಾಲದು ಎಂದು ಸ್ವತಃ ವಲಸೆ ಜಡ್ಜ್‌ಗಳೇ ಹೇಳಿದ್ದರು. ಕೇಸಿನಲ್ಲಿ ಹುರುಳಿದ್ದವರಿಗೇ ವಕೀಲರು ಸುಲಭವಾಗಿ ಸಿಕ್ಕಿರಬಹುದು ಎಂದು ಯಾರಾದರೂ ಹೇಳಬಹುದು. ಸ್ವಲ್ಪಮಟ್ಟಿಗೆ ಇದ್ದೀತು. ಆದರೆ ಭಟ್ರ ಕೇಸಿನಲ್ಲೂ ಹುರುಳಿತ್ತು. ಅವರು ಆ 13%ರ ಸಾಲಿನ ಉಳಿದ 87ರಲ್ಲಿ ಸೇರಿಹೋದರು.

2013ರಲ್ಲಿ ನ್ಯೂಯಾರ್ಕ್ ನಗರ ಸಭೆ 5 ಲಕ್ಷ ಡಾಲರ್ ಕೊಟ್ಟಿತು. ಬಂಧನದಲ್ಲಿರುವ ಬಡ ವಲಸಿಗರಿಗೆ ಸಾರ್ವಜನಿಕ ಹಣದಲ್ಲಿ ವಕೀಲರನ್ನು ಕೊಡುವ ಯೋಜನೆ ಶುರುವಾಯಿತು. ಈ ದೇಶದಲ್ಲಿ ಅಂಥದ್ದು ಅದೇ ಮೊದಲು. ಹಿಂದೆ 4% ಇದ್ದ ಗೆಲುವು ಈ ಯೋಜನೆಯಲ್ಲಿ 48%ಕ್ಕೆ ಏರುತ್ತದೆ ಎಂದು 2017ರಲ್ಲಿ ವೇರಾ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಅಂದಾಜು ಮಾಡಿತು. ಭಟ್ರು ಬಂಧನದಲ್ಲಿ ಇರಲಿಲ್ಲ, ಹಾಗಾಗಿ ಅವರಿಗೆ ಇದು ದಕ್ಕಲಿಲ್ಲ. 2014ರಲ್ಲಿ ರಾಬಿನ್ ಹುಡ್ ಫೌಂಡೇಷನ್ ಎಂಬ ದತ್ತಿ ಸಂಸ್ಥೆಯ ಹಣದಿಂದ ಇಮಿಗ್ರಂಟ್ ಜಸ್ಟಿಸ್ ಕೋರ್ ಶುರುವಾಯಿತು. ಆಗತಾನೇ ಕಾನೂನು ಮುಗಿಸಿದ ಹುಡುಗ ಹುಡುಗಿಯರು ಎರಡು ವರ್ಷ ಬರೀ ವಲಸಿಗರ ಕೇಸು ನಡೆಸುತ್ತಾರೆ. ಕಾನೂನು ಓದದೆ ಬರೀ ಪದವಿ ಮಾಡಿದ ಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ. ಅವರು ತರಬೇತಿ ಪಡೆದು, ಸರ್ಕಾರದ ಮಾನ್ಯತೆ ಪಡೆದು, ಅರ್ಜಿಗಳ ಕೆಲಸ ಮಾಡುತ್ತಾರೆ.

ಇಷ್ಟನ್ನೂ ಅವರು ಮಾಡಿದ್ದು ಕೋರ್ಟಿನ ಕೆಲಸ ಬಿಟ್ಟು ಅಲ್ಲ. 2013ರಿಂದ 2020ರವರೆಗೆ ಅವರೇ ಆ ಕೋರ್ಟಿನ ಮುಖ್ಯ ನ್ಯಾಯಾಧೀಶರು. ಅದರ ನಡುವೆ ಶಾಲೆ ಮಕ್ಕಳನ್ನು ಕೋರ್ಟಿಗೆ ಕರೆಸಿ, ನ್ಯಾಯ ಎಂದರೆ ಏನು, ಜಡ್ಜ್ ಏನು ಮಾಡುತ್ತಾರೆ ಎಂದು ತೋರಿಸುವ ಏರ್ಪಾಟನ್ನೂ ಮಾಡಿದರು. ಅಷ್ಟು ಕೆಲಸ ಇದ್ದವರಿಗೆ ಸಮಯ ಸಿಕ್ಕಿತು.

ಈಗ ನಿಮ್ಮ ಮುಂದೆ ನನ್ನ ದೂರು ಇಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಕೂಟದವರೇ, ನಾವು ರಾಜ್ಯೋತ್ಸವ ಮಾಡುತ್ತೇವೆ, ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತೇವೆ. ತುಂಬಾ ಒಳ್ಳೆಯದು. ಆದರೆ ಕನ್ನಡ ಒಂದೇ ಗೊತ್ತಿರುವ ಮನುಷ್ಯ ಇಂಗ್ಲಿಷಿನ ಕೋರ್ಟಿನಲ್ಲಿ ಹಿಂದಿ ದುಭಾಷಿಯ ಮುಂದೆ ನಿಂತಾಗ ನಮ್ಮ ಕನ್ನಡ ಎಲ್ಲಿತ್ತು? ಕನ್ನಡ ಉಳಿಸುವುದು ಎಂದರೆ ಅವತ್ತು ಅದೇ ಆಗಿತ್ತು, ಅಲ್ವಾ? ಕಾಗದಪತ್ರ ಸರಿ ಇಲ್ಲದವರು ಅಂತ ನೀವು ಅಂದಿರಿ. ಅವರ ಕಾಗದಪತ್ರ ಕೆಟ್ಟದ್ದು ಪಾಸ್‌ಪೋರ್ಟ್ ಕಿತ್ತುಕೊಂಡವರಿಂದ, ನಕಲಿ ಕಥೆ ಬರೆದವನಿಂದ. ಯಾರದು ಸರಿ, ಯಾರದು ತಪ್ಪು ಎಂದು ತೀರ್ಮಾನಿಸುವ ಮುಂಚೆ ಒಂದು ಸಲ ಕೇಳಬೇಕಿತ್ತು.

ಎಲ್ಲರನ್ನೂ ಇಲ್ಲೇ ಉಳಿಸಿಕೊಡಿ ಎಂದು ನಾನು ಹೇಳುತ್ತಿಲ್ಲ. ಕ್ಯಾಟ್ಜ್‌ಮನ್ ಕೂಡ ಹಾಗೆ ಹೇಳಿದವರಲ್ಲ. ಕಾನೂನಿನಲ್ಲಿ ದಾರಿ ಇಲ್ಲದವರಿಗೆ ಒಳ್ಳೆಯ ವಕೀಲರು ಮೊದಲ ದಿನವೇ ಇಲ್ಲ ಎಂದು ಹೇಳುತ್ತಾರೆ. ಆಗ ಅವರು ಕನ್ಸಲ್ಟೆಂಟ್‌ಗಳಿಗೆ ಸಾವಿರಾರು ಡಾಲರ್ ಸುರಿಯುವುದು ತಪ್ಪುತ್ತದೆ. ಕೋರ್ಟಿಗೂ ಕೆಲಸ ಕಡಿಮೆ. ದಾರಿ ಇದ್ದವರಿಗೆ ದಾರಿ ಸಿಗುತ್ತದೆ.

ಇದು ಬರೀ ಅಡುಗೆಯವರ ಕಷ್ಟ ಎಂದೂ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಷ್ಟೋ ಜನ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇದ್ದೇವೆ. ಕೆಲಸ ಹೋದರೆ ಸಿಗುವುದು 60 ದಿನ. ಹಸಿರು ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಮಕ್ಕಳಿಗೆ 21 ತುಂಬಿ ಅವರು ಸಾಲಿನಿಂದಲೇ ಹೊರಗೆ ಬೀಳುತ್ತಿದ್ದಾರೆ. ನೋಟಿಸು ಯಾರ ಮನೆಗೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು.

ವಕೀಲ ಮಿತ್ರರೇ, ನಿಮ್ಮಲ್ಲಿ ಪೇಟೆಂಟು, ಬ್ಯಾಂಕು, ಆಸ್ತಿ ವ್ಯವಹಾರ ನೋಡುವವರೇ ಜಾಸ್ತಿ ಇರಬಹುದು. "ವಲಸೆ ನಮ್ಮ ವಿಷಯ ಅಲ್ಲ" ಎಂದು ಅನ್ನಿಸಬಹುದು. 2007ರ ಆ ಸಭೆಯಲ್ಲಿ ಕೂತಿದ್ದ ಎಷ್ಟೋ ಜನರ ವಿಷಯವೂ ಅದಾಗಿರಲಿಲ್ಲ. ಅವರು ಕಲಿತರು. ಉಚಿತವಾಗಿ ಕೇಸು ನಡೆಸುವ ಸಂಸ್ಥೆಗಳು ಹೊಸಬರಿಗೆ ಹೇಳಿಕೊಡುತ್ತವೆ, ಜೊತೆಗೆ ನಿಲ್ಲುತ್ತವೆ. ವರ್ಷಕ್ಕೆ ಒಂದೇ ಒಂದು ಕೇಸು ತೆಗೆದುಕೊಳ್ಳಿ. ಅದೂ ಆಗದಿದ್ದರೆ ತಿಂಗಳಲ್ಲಿ ಒಂದು ಸಂಜೆ ಫೋನಿನಲ್ಲಿ ಕನ್ನಡದಲ್ಲಿ ಅರ್ಧ ಗಂಟೆ ಕೇಳಿಸಿಕೊಂಡು, ಇದಕ್ಕೆ ಆಧಾರ ಇದೆ, ಇದಕ್ಕೆ ಇಲ್ಲ, ಇಂಥವರ ಹತ್ತಿರ ಹೋಗಿ ಎಂದು ಹೇಳಿ. ಭಟ್ರಿಗೆ ಬೇಕಾಗಿದ್ದದ್ದು ಆ ಅರ್ಧ ಗಂಟೆ.

ವಕೀಲರಲ್ಲದವರಿಗೂ ಕೆಲಸ ಇದೆ, ಅದು ನಮ್ಮಿಂದ ಮಾತ್ರ ಆಗುವ ಕೆಲಸ. ವಲಸೆ ಕೋರ್ಟಿಗೆ ಕೊಡುವ ಯಾವುದೇ ಬೇರೆ ಭಾಷೆಯ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಎಂದು ಬರೆದು ಸಹಿ ಹಾಕಬೇಕು. ಅವರು ವಕೀಲರೇ ಆಗಬೇಕಿಲ್ಲ. ಶಾಲೆಯ ಟಿಸಿ, ಜನನ ಪತ್ರ, ಪಹಣಿ, ಪೊಲೀಸ್ ಠಾಣೆಯ ಎಫ್‌ಐಆರ್, ಊರಿಂದ ಬಂದ ಕಾಗದ. ಇವನ್ನೆಲ್ಲ ಓದಿ ಸರಿಯಾಗಿ ಇಂಗ್ಲಿಷಿಗೆ ತರುವವರು ಪ್ರತಿ ಕೂಟದಲ್ಲೂ ಹತ್ತು ಜನ ಸಿಗುತ್ತಾರೆ. ನಿವೃತ್ತ ಮೇಷ್ಟ್ರುಗಳು ಇದ್ದಾರೆ, ಮಕ್ಕಳನ್ನು ನೋಡಿಕೊಳ್ಳಲು ಬಂದ ಅಜ್ಜ ಅಜ್ಜಿಯರು ಇದ್ದಾರೆ. ಹೆಸರು ಬರೆದು ಒಂದು ಪಟ್ಟಿ ಇಡಿ. ಹತ್ತಿರದ ಉಚಿತ ಕಾನೂನು ಸಂಸ್ಥೆಗೆ ಆ ಪಟ್ಟಿಯನ್ನು ಕೊಟ್ಟು, ಕನ್ನಡದವರು ಬಂದರೆ ನಮ್ಮನ್ನು ಕರೆಯಿರಿ ಎಂದು ಹೇಳಿ. ಹಿಂದಿ ಬೇರೆ, ಕನ್ನಡ ಬೇರೆ, ಮೊದಲ ವಾಯಿದೆಯಲ್ಲೇ ಕನ್ನಡ ದುಭಾಷಿ ಬೇಕು ಎಂದು ಕೇಳುವುದು ನಿಮ್ಮ ಹಕ್ಕು ಎಂದು ನಮ್ಮವರಿಗೆ ತಿಳಿಸಿ.

ಯುಗಾದಿಯ ಊಟದ ದಿನ ಹಾಲ್‌ನ ಒಂದು ಮೂಲೆಯಲ್ಲಿ ಒಂದು ಮೇಜು ಹಾಕಿಸಿ. ಒಬ್ಬ ವಕೀಲರು, ಒಬ್ಬ ಅನುವಾದಕರು. ಅಡುಗೆಮನೆಯ ಬಾಗಿಲ ಹತ್ತಿರವೇ ಹಾಕಿಸಿ. ಯಾಕೆಂದರೆ ಬೇಕಾದವರು ಹಾಲ್‌ನೊಳಗೆ ಬರುವುದಿಲ್ಲ, ಬಡಿಸುತ್ತಾ ಇರುತ್ತಾರೆ. ಆ ಮೇಜಿನ ಮೇಲೆ ಕನ್ನಡದಲ್ಲಿ ಒಂದು ಹಾಳೆ ಇರಲಿ. ವಕೀಲರಲ್ಲದ ಕನ್ಸಲ್ಟೆಂಟ್ ಹತ್ತಿರ ಸಹಿ ಹಾಕಬೇಡಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಯಜಮಾನರಿಗೆ ಇಲ್ಲ ಎಂದು ಅದರಲ್ಲಿ ಬರೆಯಿರಿ.

ಕಾಲೇಜು ಮುಗಿಸುತ್ತಿರುವ ಮಕ್ಕಳಿರುವ ತಂದೆತಾಯಂದಿರೇ, ಮಗಳು ಎರಡು ವರ್ಷ ಇಂಥ ಕೆಲಸ ಮಾಡುತ್ತೇನೆ ಅಂದರೆ ಬೇಡ ಅನ್ನಬೇಡಿ. ಮನೆಯಲ್ಲಿ ಕಲಿತ ಕನ್ನಡ ಅವಳಿಗೆ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಹೋದ ತಿಂಗಳು ಭಟ್ರಿಗೆ ಫೋನ್ ಮಾಡಿದ್ದೆ. ಮದುವೆ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದಾರೆ. ಇಲ್ಲಿ ಬರಬೇಕಾದ ಸಂಬಳ ಇನ್ನೂ ಬಂದಿಲ್ಲ. ಅವರ ಪುಸ್ತಕವನ್ನು ಇಂಗ್ಲಿಷಿಗೆ ಮಾಡುತ್ತಿದ್ದೇನೆ ಅಂದೆ. "ಈಗ ಎಂತಕ್ಕೆ ಅಕ್ಕ?" ಅಂದರು. ಸಂಬಳ ಕೊಡದ ಕೆಲಸ ಹೇಗಿರುತ್ತದೆ ಎಂದು ಮುಂದೆ ಬರುವ ಅನುವಾದಕರಿಗೆ ತೋರಿಸಲು ಒಂದು ಮಾದರಿ ಬೇಕು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ನಲವತ್ತನೇ ಪುಟದಲ್ಲಿ ಒಂದು ತಾರೀಕು ತಪ್ಪು ಬರೆದಿದ್ದೇನೆ, ಸರಿ ಮಾಡಿಕೊಳ್ಳಿ ಅಂದರು.

ಇದುವರೆಗೆ 63 ಪುಟ ಆಗಿದೆ. ಯಾವ ಕೂಟದವರು ಮೊದಲು ಮೇಜು ಹಾಕುತ್ತೀರೋ ಅಲ್ಲಿಗೆ ಪುಸ್ತಕ ಮತ್ತು ಅನುವಾದ ಎರಡನ್ನೂ ತರುತ್ತೇನೆ. ಬೆಳಿಗ್ಗೆಯಿಂದ ಊಟ ಮುಗಿಯುವವರೆಗೆ ಅಲ್ಲೇ ಕೂರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮವಳೇ ಆದ ಒಬ್ಬ ಕನ್ನಡತಿ
ಕ್ವೀನ್ಸ್, ನ್ಯೂಯಾರ್ಕ್